ಆರಾಂಘರ್ ಚೌರಸ್ತೆಯಲ್ಲಿ ಎರಡು ಕೈಗಳು

ಹೈದರಾಬಾದಿನಿಂದ ಕರ್ನೂಲಿನ ಮಾರ್ಗವಾಗಿ ಬೆಂಗಳೂರಿಗೋ, ಮಹಬೂಬನಗರದ ಮಾರ್ಗವಾಗಿ ರಾಯಚೂರಿಗೋ ಬಸ್ಸಿನಲ್ಲಿ ಪ್ರಯಾಣ ಮಾಡುವ ಕನ್ನಡಿಗರಿಗೆ ಆರಾಂಘರ್ ಚೌರಸ್ತೆ ಅಪರಿಚಿತವಾದ ಸ್ಥಳವಲ್ಲ. ಮೆಹದಿಪಟ್ಟಣದಿಂದ ಹೊರಟ ಪಿ.ವಿ. ನರಸಿಂಹರಾವ್ ಮೇಲ್ಸೇತುವೆಯು 11.6 ಕಿಲೋಮೀಟರು ದೂರ ಆಕಾಶದಲ್ಲಿ ಸಾಗಿ ನೆಲಕ್ಕಿಳಿಯುವುದು ಇಲ್ಲಿಯೇ. ದೇಶದ ಐ.ಪಿ.ಎಸ್. ಅಧಿಕಾರಿಗಳೆಲ್ಲ ತರಬೇತಿ ಪಡೆಯುವ ಸರದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಇರುವ ಶಿವರಾಂಪಲ್ಲಿಯೂ ಇದಕ್ಕೆ ಸಮೀಪದಲ್ಲಿಯೇ ಇದೆ. ‘ಆರಾಂಘರ್’ ಎಂದರೆ ವಿಶ್ರಾಂತಿಯ ಮನೆ ಎಂದರ್ಥ. ಆದರೆ ಬಸ್ಸು, ಲಾರಿ, ಆಟೋಗಳ ನಡುವೆ ನಿಂತ ಸಂಚಾರ ಪೊಲೀಸನಿಗೆ ಆ ಚೌರಸ್ತೆಯಲ್ಲಿ ವಿಶ್ರಾಂತಿ ಎಂಬುದು ಹೆಸರಿನಲ್ಲಿ ಮಾತ್ರ ಉಂಟು.

2023ನೆಯ ಇಸವಿಯ ಫೆಬ್ರವರಿ 24ರಂದು ಈ ಚೌರಸ್ತೆಯ ಬಸ್ ನಿಲ್ದಾಣದ ಬಳಿ ಒಬ್ಬ ವ್ಯಕ್ತಿ ಹಠಾತ್ತನೆ ಕುಸಿದುಬಿದ್ದನು. ರಸ್ತೆಯಲ್ಲಿ ಯಾರಾದರೂ ಬಿದ್ದರೆ ನಮ್ಮ ಊರುಗಳಲ್ಲಿ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಜನ ಸುತ್ತುವರಿಯುತ್ತಾರೆ, ಒಬ್ಬರು ನೀರು ಎನ್ನುತ್ತಾರೆ, ಇನ್ನೊಬ್ಬರು ಗಾಳಿ ಎನ್ನುತ್ತಾರೆ, ಮತ್ತೊಬ್ಬರು ಕುಡಿದಿರಬೇಕೆಂದು ಹೇಳಿ ಮುಂದೆ ಹೋಗುತ್ತಾರೆ. ಅಂದು ಅಲ್ಲಿ ಕರ್ತವ್ಯದಲ್ಲಿದ್ದವರು ರಾಜೇಂದ್ರನಗರ ಸಂಚಾರ ಪೊಲೀಸ್ ಠಾಣೆಯ ಪೇದೆ ರಾಜಶೇಖರ್. ಅವರು ನೀರನ್ನೂ ಕೇಳಲಿಲ್ಲ, ಗಾಳಿಯನ್ನೂ ಬೀಸಲಿಲ್ಲ. ಬಿದ್ದವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಎರಡೂ ಅಂಗೈಗಳನ್ನು ಅವನ ಎದೆಯ ಮೇಲಿಟ್ಟು, ಒಂದೇ ಸಮನೆ ಬಲವಾಗಿ ಒತ್ತತೊಡಗಿದರು. ಒತ್ತುತ್ತ ಒತ್ತುತ್ತ ಇದ್ದಂತೆಯೇ ಆ ದೇಹದಲ್ಲಿ ಚಲನೆ ಕಾಣಿಸಿತು, ಉಸಿರು ಮರಳಿತು. ಆ ಬಳಿಕ ಅವನನ್ನು ಆಸ್ಪತ್ರೆಗೆ ಸಾಗಿಸಲಾಯಿತು.

ಅಲ್ಲಿದ್ದವರೊಬ್ಬರು ತೆಗೆದ ಚಲಚ್ಚಿತ್ರವು ಅಂದು ಸಂಜೆಯೊಳಗೆ ನಾಡಿನಾದ್ಯಂತ ಹರಡಿತು. ಅಂದಿನ ತೆಲಂಗಾಣದ ಆರೋಗ್ಯ ಮಂತ್ರಿಗಳಾದ ಹರೀಶ್ ರಾವ್ ಅವರು ಪೇದೆಯನ್ನು ಸಾರ್ವಜನಿಕವಾಗಿ ಅಭಿನಂದಿಸಿದರು. ರಾಜೇಂದ್ರನಗರವು ಆಗ ಸೇರಿದ್ದ ಸೈಬರಾಬಾದ್ ಪೊಲೀಸ್ ಆಯುಕ್ತಾಲಯದ ವರಿಷ್ಠರೂ ಅವರನ್ನು ಗೌರವಿಸಿದರು. ಪೊಲೀಸರ ಹೆಸರು ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಯಾವ ಕಾರಣಗಳಿಗಾಗಿ ಬರುತ್ತದೆಂಬುದನ್ನು ನೆನೆದರೆ, ಇದು ಮನಸ್ಸಿಗೆ ಸಂತೋಷ ತರುವ ಸುದ್ದಿಯೇ ಸರಿ.

ಈ ನಗರದಲ್ಲಿ ಇಂತಹ ಘಟನೆ ಇದೇ ಮೊದಲನೆಯದೂ ಅಲ್ಲ. 2018ರ ಆರಂಭದಲ್ಲಿ ಹಳೆಯ ನಗರದ ಪುರಾನಾಪುಲ್ ಬಳಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಒಬ್ಬರು ಎದೆನೋವಿನಿಂದ ಕುಸಿದಾಗ, ಬಹಾದೂರ್‌ಪುರ ಸಂಚಾರ ಠಾಣೆಗೆ ಸೇರಿದ ಚಂದನ್ ಸಿಂಗ್ ಮತ್ತು ಇನಾಯತುಲ್ಲಾ ಖಾನ್ ಎಂಬಿಬ್ಬರು ಇದೇ ರೀತಿ ಎದೆಯನ್ನೊತ್ತಿ ಅವರ ಪ್ರಾಣವನ್ನು ಉಳಿಸಿದ್ದರು. ಒಬ್ಬರ ಹೆಸರು ಒಂದು ಧರ್ಮದ್ದು, ಇನ್ನೊಬ್ಬರದು ಇನ್ನೊಂದು ಧರ್ಮದ್ದು. ಒತ್ತುವ ಕೈಗಳಿಗೆ ಆ ಭೇದವಿರಲಿಲ್ಲ. ಹಳೆಯ ಹೈದರಾಬಾದನ್ನು ಬಲ್ಲ ನಮ್ಮ ಹಿರಿಯರು ಇದನ್ನು ಕೇಳಿ ತಲೆದೂಗಿದ್ದು ನನಗೆ ನೆನಪಿದೆ.

ಎರಡು ಬಗೆಯ ಧೈರ್ಯ

ಪೊಲೀಸರ ಶೌರ್ಯವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗುಂಡು, ಬಂದೂಕು, ಬೆನ್ನಟ್ಟುವಿಕೆ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಕೇವಲ ಲಾಠಿಯನ್ನು ಹಿಡಿದಿದ್ದ ತುಕಾರಾಂ ಓಂಬಳೆಯವರು ಭಯೋತ್ಪಾದಕನ ಬಂದೂಕಿನ ನಳಿಗೆಯನ್ನೇ ಹಿಡಿದು, ತಮ್ಮ ಪ್ರಾಣವನ್ನು ಕೊಟ್ಟು ಅವನು ಜೀವಂತ ಸೆರೆಸಿಕ್ಕುವಂತೆ ಮಾಡಿದರು; ಮರಣೋತ್ತರವಾಗಿ ಅಶೋಕ ಚಕ್ರವನ್ನು ಪಡೆದರು. ಅಂತಹ ಧೈರ್ಯಕ್ಕೆ ಎಲ್ಲರೂ ಕೈಮುಗಿಯಬೇಕು. ಆದರೆ ಅದು ನಮ್ಮ ನಿಮ್ಮಂಥವರಿಂದ ನಿರೀಕ್ಷಿಸಬಹುದಾದ ಧೈರ್ಯವಲ್ಲ.

ಆರಾಂಘರ್ ಚೌರಸ್ತೆಯಲ್ಲಿ ಕಂಡದ್ದು ಮತ್ತೊಂದು ಬಗೆಯದು. ಅಲ್ಲಿ ಶತ್ರುವಿರಲಿಲ್ಲ, ಆಯುಧವಿರಲಿಲ್ಲ. ಆದರೂ ಅಲ್ಲಿ ಒಂದು ಭಯವಿತ್ತು. ತನ್ನ ಕೈಯ ಕೆಳಗೆಯೇ ಈ ಮನುಷ್ಯ ಸತ್ತರೆ ಜನ ಏನೆಂದಾರು? ಖಾಕಿ ತೊಟ್ಟವನು ಬಿದ್ದವನ ಎದೆಯನ್ನು ಗುದ್ದುತ್ತಿದ್ದನೆಂದು ಯಾರಾದರೂ ಹೇಳಿದರೆ? ಆಂಬುಲೆನ್ಸಿಗೆ ಫೋನು ಮಾಡಿ ಸುಮ್ಮನೆ ನಿಂತಿದ್ದರೆ ಯಾವ ಮೇಲಧಿಕಾರಿಯೂ ಅವರನ್ನು ತಪ್ಪಿತಸ್ಥನೆಂದು ಕರೆಯುತ್ತಿರಲಿಲ್ಲ. ಏನೂ ಮಾಡದಿರುವುದು ಎಲ್ಲ ರೀತಿಯಿಂದಲೂ ಸುರಕ್ಷಿತವಾಗಿದ್ದಾಗ, ಮಾಡಲು ಮುಂದಾಗುವುದು ಸಣ್ಣ ಧೈರ್ಯವಲ್ಲ. ಈ ಧೈರ್ಯವನ್ನು ಮಾತ್ರ ನಾವು ನೀವೂ ಕಲಿಯಬಹುದು. ಕಲಿಯಲೇಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ಶಾಖೆಯಲ್ಲಿ ನಡೆದುದು

ನಾನು ವೈದ್ಯನಲ್ಲ. ವಾಣಿಜ್ಯ ಪದವಿ ಪಡೆದು ಬ್ಯಾಂಕಿನಲ್ಲಿ ಕೆಲಸಮಾಡುವವನು. ಆರೋಗ್ಯದ ವಿಷಯ ಬರೆಯುವ ಅಧಿಕಾರ ನನಗೆ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಅಧಿಕಾರವಲ್ಲ, ಒಂದು ಋಣ ನನ್ನಿಂದ ಇದನ್ನು ಬರೆಸುತ್ತಿದೆ.

ಕೆಲವು ವರ್ಷಗಳ ಹಿಂದೆ, ತಿಂಗಳ ಮೊದಲ ವಾರದಲ್ಲಿ, ಪಿಂಚಣಿದಾರರ ಗದ್ದಲವಿದ್ದ ಒಂದು ದಿನ, ನಾನಿದ್ದ ಶಾಖೆಯಲ್ಲಿ ಹಿರಿಯರೊಬ್ಬರು ಕೌಂಟರಿನ ಮುಂದೆ ಪಾಸ್‌ಬುಕ್ಕು ಹಿಡಿದುಕೊಂಡೇ ಕುಸಿದರು. ಬೀದರ ಜಿಲ್ಲೆಯವರು, ನನ್ನನ್ನು ಕಂಡಾಗಲೆಲ್ಲ ಕನ್ನಡದಲ್ಲಿ ನಾಲ್ಕು ಮಾತನಾಡಿ ಹೋಗುತ್ತಿದ್ದವರು. ನಾವು ಏಳೆಂಟು ಮಂದಿ ಓಡಿಹೋದೆವು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಲೆಡ್ಜರಿನ ರಟ್ಟಿನಿಂದ ಗಾಳಿ ಬೀಸಿದರು. ನಾನು ಅವರ ಅಂಗಾಲುಗಳನ್ನು ತಿಕ್ಕಿದೆನು. ಅವರು ಆಗಾಗ ಬಾಯಿ ತೆರೆದು ಗೊರಕೆಯಂತಹ ಸದ್ದಿನೊಡನೆ ಉಸಿರೆಳೆಯುತ್ತಿದ್ದರು. ‘ಉಸಿರಾಡುತ್ತಿದ್ದಾರೆ, ಗಾಬರಿಯಿಲ್ಲ’ ಎಂದು ನಾನೇ ಎಲ್ಲರಿಗೂ ಹೇಳಿದೆನು. ಆಂಬುಲೆನ್ಸು ಬಂದಾಗ ಹದಿನೈದು ನಿಮಿಷಗಳು ಕಳೆದಿದ್ದವು. ಅದರಲ್ಲಿ ಬಂದ ತರುಣನು ಎದೆಯ ಮೇಲೆ ಕೈಯಿಟ್ಟು ಒತ್ತಲು ಪ್ರಾರಂಭಿಸಿದನು. ಒಬ್ಬರೂ ಎದೆಯನ್ನು ಒತ್ತಲಿಲ್ಲವೇ ಎಂದು ಕೇಳಿದನು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಹಿರಿಯರು ಉಳಿಯಲಿಲ್ಲ.

ಎರಡು ತಿಂಗಳ ಬಳಿಕ ಅವರ ಮಗಳು ನಾಮನಿರ್ದೇಶಿತರ ಅರ್ಜಿಯನ್ನು ತುಂಬಿಕೊಂಡು ನನ್ನ ಮೇಜಿಗೇ ಬಂದರು. ಕಾಗದಗಳೆಲ್ಲ ಸರಿಯಾಗಿದ್ದವು. ಸಹಿ ಹಾಕಿದ ಮೇಲೆ ತಲೆಯೆತ್ತದೆಯೇ, ‘ಸರ್, ನೀವು ಅಲ್ಲಿಯೇ ಇದ್ದಿರಂತೆ. ಅಪ್ಪಾಜಿಗೆ ಏನೇನು ಮಾಡಿದಿರಿ?’ ಎಂದು ಕೇಳಿದರು. ಆಕ್ಷೇಪಣೆಯ ದನಿಯಲ್ಲ, ತಿಳಿಯುವ ಆಸೆ ಮಾತ್ರ. ‘ನಮಗೆ ತಿಳಿದುದೆಲ್ಲ ಮಾಡಿದೆವಮ್ಮ’ ಎಂದೆನು. ಅದು ಸುಳ್ಳಾಗಿರಲಿಲ್ಲ. ಆದರೆ ನಮಗೆ ತಿಳಿದುದು ಏನೂ ಇರಲಿಲ್ಲವೆಂಬುದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಆ ಶಾಖೆಯ ಗೋಡೆಯ ಮೇಲೆ ಕೆಂಪು ಬಣ್ಣದ ಅಗ್ನಿಶಾಮಕ ಉಪಕರಣವಿತ್ತು. ಅದನ್ನು ಪ್ರತಿವರ್ಷ ಪರೀಕ್ಷಿಸಿ ದಿನಾಂಕವನ್ನು ಬರೆದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಕಳ್ಳರ ಭಯಕ್ಕೆ ಗಂಟೆಯಿತ್ತು. ಅದನ್ನೂ ಒತ್ತಿ ನೋಡುತ್ತಿದ್ದೆವು. ನನ್ನ ಸೇವಾವಧಿಯಲ್ಲಿ ನಾನಿದ್ದ ಯಾವ ಶಾಖೆಗೂ ಬೆಂಕಿ ಬೀಳಲಿಲ್ಲ, ಕಳ್ಳರೂ ಬರಲಿಲ್ಲ. ಬಂದದ್ದು ಸಾವು, ಅದಕ್ಕೆ ನಾವು ಸಿದ್ಧರಾಗಿರಲಿಲ್ಲ. ಆರಾಂಘರಿನ ಆ ದೃಶ್ಯವನ್ನು ಮೊದಲ ಬಾರಿ ನೋಡಿದ ರಾತ್ರಿ ನನಗೆ ನಿದ್ರೆ ಬರಲಿಲ್ಲವೆಂದರೆ ಅದರ ಕಾರಣವನ್ನು ವಾಚಕರು ಊಹಿಸಬಲ್ಲರು.

ಹೃದಯ ನಿಂತಾಗ ಆಗುವುದೇನು?

ಆ ಮೇಲೆ ನಾನು ಓದಿ, ಕೇಳಿ, ಕಲಿತುಕೊಂಡ ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ. ಹೃದಯಾಘಾತ ಮತ್ತು ಹೃದಯಸ್ತಂಭನ ಇವೆರಡನ್ನೂ ನಾವು ಒಂದೇ ಎಂದು ಭಾವಿಸುತ್ತೇವೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತವನ್ನು ಒದಗಿಸುವ ನಾಳವೊಂದು ಮುಚ್ಚಿಹೋಗುವುದು. ಎದೆ ಬಿಗಿಯುತ್ತದೆ, ಬೆವರುತ್ತದೆ, ನೋವು ತೋಳಿಗೋ ದವಡೆಗೋ ಹರಿಯುತ್ತದೆ. ಆದರೂ ಮನುಷ್ಯನಿಗೆ ಸಾಮಾನ್ಯವಾಗಿ ಪ್ರಜ್ಞೆಯಿರುತ್ತದೆ, ಹೃದಯ ಬಡಿಯುತ್ತಿರುತ್ತದೆ. ಹೃದಯಸ್ತಂಭನವೆಂದರೆ ರಕ್ತವನ್ನು ನೂಕುವ ಕೆಲಸವೇ ನಿಂತುಹೋಗುವುದು. ಅನೇಕ ವೇಳೆ ಹೃದಯದ ವಿದ್ಯುತ್ ಲಯವು ಕೆಟ್ಟು, ಸ್ನಾಯುಗಳು ಒಟ್ಟಾಗಿ ಸಂಕೋಚಿಸದೆ ಸುಮ್ಮನೆ ಕಂಪಿಸತೊಡಗುತ್ತವೆ. ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಎರಡೂ ಒಂದೇ ಅಲ್ಲ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಮಿದುಳಿಗೆ ಉಳಿತಾಯ ಖಾತೆಯಿಲ್ಲ. ಅದು ದಿನಗೂಲಿಯವನಂತೆ, ರಕ್ತವು ತಂದ ಆಮ್ಲಜನಕವನ್ನು ಅಂದಂದಿಗೆ ಖರ್ಚುಮಾಡಿಬಿಡುತ್ತದೆ. ರಕ್ತ ನಿಂತ ಸುಮಾರು ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ತಟ್ಟಲಾರಂಭಿಸುತ್ತದೆ. ಎದೆಯೊತ್ತುವ ಚಿಕಿತ್ಸೆ ದೊರೆಯದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬದುಕುಳಿಯುವ ಸಂಭವವು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆಂದು ವೈದ್ಯರು ಅಂದಾಜು ಮಾಡಿದ್ದಾರೆ. ಹತ್ತು ನಿಮಿಷಗಳ ಬಳಿಕ ಖಾತೆಯಲ್ಲಿ ಏನು ಉಳಿದೀತೆಂಬುದನ್ನು ಲೆಕ್ಕ ಹಾಕಲು ವಾಣಿಜ್ಯ ಪದವಿ ಬೇಕಾಗಿಲ್ಲ.

ನಾವು ಕರೆಯುವ 108ರ ಆಂಬುಲೆನ್ಸ್ ಸೇವೆ ಹುಟ್ಟಿದ್ದು ಇದೇ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ ಅದು 2008ರ ರಾಜ್ಯೋತ್ಸವದ ದಿನ ಬಂದಿತು. ಅದೊಂದು ಮಹೋಪಕಾರವೇ ಹೌದು. ಆದರೆ ಅಮೀರ್‌ಪೇಟೆಯ ಸಂಜೆಯ ದಟ್ಟಣೆಯನ್ನು ಭೇದಿಸಿಕೊಂಡು ಅದು ನಾಲ್ಕು ನಿಮಿಷಗಳಲ್ಲಿ ನಮ್ಮ ಮನೆಯ ಬಾಗಿಲಿಗೆ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ನಡುವಿನ ನಿಮಿಷಗಳು ಪಕ್ಕದಲ್ಲಿ ನಿಂತವರ ಕೈಯಲ್ಲಿವೆ. ಎದೆಯನ್ನು ಸರಿಯಾಗಿ ಒತ್ತಿದಾಗ ಹೃದಯವು ನೂಕುವ ಸಹಜ ಪ್ರಮಾಣದ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ರಕ್ತ ಹರಿಯುತ್ತದೆ. ಸಾಲದು; ಆದರೆ ಖಾತೆ ಮುಚ್ಚಿಹೋಗದಂತೆ ತಡೆಹಿಡಿಯಲು ಅದು ಸಾಕಾಗಬಹುದು.

ಈ ನಗರದ ಹಳೆಯ ಚರ್ಚೆ

ಹೃದಯ ಮೊದಲು ನಿಲ್ಲುತ್ತದೆಯೋ, ಉಸಿರು ಮೊದಲು ನಿಲ್ಲುತ್ತದೆಯೋ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ವೈದ್ಯಲೋಕವು ಉತ್ತರಕ್ಕಾಗಿ ಹೈದರಾಬಾದಿನ ಕಡೆ ನೋಡಿತ್ತೆಂಬುದು ಇಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ತಿಳಿಯದು. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಎಂಬ ವೈದ್ಯರು ಕ್ಲೋರೋಫಾರಮ್ಮನ್ನು ಬಳಕೆಗೆ ತಂದರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಬಂದ ಹದಿನೈದು ವರ್ಷದ ಬಾಲಕಿಯೊಬ್ಬಳು ಅದರ ಪ್ರಭಾವದಲ್ಲಿ ಸತ್ತಳು. ಇಂತಹ ಸಾವುಗಳಿಗೆ ಕಾರಣವನ್ನು ಹುಡುಕಲು ಇಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ನೆರವಿನಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳನ್ನು ನಡೆಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳಾದವು. ಉಸಿರು ಮೊದಲು ನಿಲ್ಲುತ್ತದೆ, ಆದುದರಿಂದ ಉಸಿರನ್ನು ಕಾಯಿರಿ, ಹೃದಯದ ಬಗ್ಗೆ ಚಿಂತೆ ಬೇಡ ಎಂಬುದು ಅವರ ತೀರ್ಮಾನವಾಗಿತ್ತು.

ಅದು ಪೂರ್ಣ ಸತ್ಯವಾಗಿರಲಿಲ್ಲ. 1911ರಲ್ಲಿ ಲೆವಿ ಎಂಬ ವಿಜ್ಞಾನಿಯು ಕ್ಲೋರೋಫಾರಂ ಹೃದಯದ ಲಯವನ್ನೇ ಹಠಾತ್ತನೆ ಕೆಡಿಸಬಲ್ಲದೆಂದು ತೋರಿಸಿದನು. ಆದರೂ, ಮನುಷ್ಯನು ಸಾಯುವ ಆ ಕೆಲವು ನಿಮಿಷಗಳಲ್ಲಿ ಏನಾಗುತ್ತದೆಂಬುದನ್ನು ಕುತೂಹಲದಿಂದ ಪರಿಶೀಲಿಸಿದ ನಗರ ಇದೆಂಬುದು ಗೌರವದ ಸಂಗತಿಯೇ.

ಆ ನಿಮಿಷಗಳಲ್ಲಿ ಮಾಡಬೇಕಾದುದೇನೆಂಬುದು ಬಹುಕಾಲದವರೆಗೆ ಸ್ಪಷ್ಟವಾಗಿರಲಿಲ್ಲ. ನಿಂತ ಹೃದಯವನ್ನು ಚಾಲನೆಗೊಳಿಸಲು ಶಸ್ತ್ರವೈದ್ಯರು ಎದೆಯನ್ನು ಕೊಯ್ದು, ಹೃದಯವನ್ನೇ ಕೈಯಲ್ಲಿ ಹಿಡಿದು ಅಮುಕುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ಕೌವೆನ್‌ಹೋವನ್ ಎಂಬ ವಿದ್ಯುತ್ ಇಂಜಿನಿಯರರ ಬಳಿ ಕೆಲಸಮಾಡುತ್ತಿದ್ದ ನಿಕರ್‌ಬಾಕರ್ ಎಂಬ ವಿದ್ಯಾರ್ಥಿಯು, ಪ್ರಯೋಗಕ್ಕೊಳಗಾದ ನಾಯಿಯ ಎದೆಯ ಮೇಲೆ ವಿದ್ಯುತ್ ಉಪಕರಣದ ತಟ್ಟೆಗಳನ್ನು ಬಲವಾಗಿ ಒತ್ತಿದಾಗ ರಕ್ತದ ಒತ್ತಡ ಏರುವುದನ್ನು ಗಮನಿಸಿದನು. ಎದೆಯನ್ನು ಕೊಯ್ಯಬೇಕಾಗಿಲ್ಲ, ಹೊರಗಿನಿಂದ ಒತ್ತಿದರೂ ರಕ್ತ ಹರಿಯುತ್ತದೆ! ಶಸ್ತ್ರವೈದ್ಯ ಜೂಡ್ ಅವರೊಡನೆ ಸೇರಿ ಈ ಇಬ್ಬರೂ 1960ರ ಜುಲೈಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಇಪ್ಪತ್ತು ರೋಗಿಗಳಲ್ಲಿ ಹದಿನಾಲ್ಕು ಮಂದಿ ಉಳಿದಿದ್ದರು. ಇದಕ್ಕೆ ಬೇಕಾದುದು ಎರಡು ಕೈಗಳು ಮಾತ್ರವೆಂದು ಅವರು ಸಾರಿದರು. ಇದರ ಶೋಧಕರಲ್ಲಿ ಒಬ್ಬರು ಇಂಜಿನಿಯರ್, ಇನ್ನೊಬ್ಬನು ವಿದ್ಯಾರ್ಥಿ. ಆದುದರಿಂದ, ವೈದ್ಯರಲ್ಲದ ನಮಗೇಕೆ ಇದರ ಗೊಡವೆ ಎಂಬ ಮಾತಿಗೆ ಅರ್ಥವಿಲ್ಲ.

ಮಾಡಬೇಕಾದುದು, ಮಾಡಬಾರದುದು

ವಯಸ್ಕರೊಬ್ಬರು ಹಠಾತ್ತನೆ ಕುಸಿದರೆ, ಮೊದಲು ಸ್ಥಳವು ನಮಗೆ ಅಪಾಯಕಾರಿಯಾಗಿಲ್ಲವೆಂಬುದನ್ನು ನೋಡಿಕೊಂಡು ಹತ್ತಿರ ಹೋಗಿ ಭುಜ ತಟ್ಟಿ ಗಟ್ಟಿಯಾಗಿ ಕೂಗಬೇಕು. ಉತ್ತರವಿಲ್ಲದಿದ್ದರೆ ಎದೆ ಏರಿಳಿಯುತ್ತಿದೆಯೇ ಎಂದು ನೋಡಬೇಕು. ಇದಕ್ಕೆ ಹತ್ತು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಕೂಡದು. ಉಸಿರಿಲ್ಲದಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುವಂತಿದ್ದರೆ, ಹೃದಯ ನಿಂತಿದೆಯೆಂದೇ ತಿಳಿಯಬೇಕು. ನನ್ನನ್ನು ಮೋಸಗೊಳಿಸಿದ್ದು ಈ ಏದುವಿಕೆಯೇ. ಅದು ಉಸಿರಾಟವಲ್ಲ, ಪ್ರಾಣ ಹೋಗುವ ಮುನ್ನಿನ ಸೆಳೆತ. ವಾಚಕರು ಈ ಲೇಖನದಲ್ಲಿ ಮಿಕ್ಕುದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದೆಂದು ಪ್ರಾರ್ಥನೆ.

ಕೂಡಲೇ ಒಬ್ಬರನ್ನು ಬೆರಳುಮಾಡಿ ತೋರಿಸಿ, ‘ನೀವು 108ಕ್ಕೆ ಫೋನು ಮಾಡಿ’ ಎಂದು ಹೇಳಬೇಕು. ‘ಯಾರಾದರೂ ಫೋನು ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಬಿದ್ದವರನ್ನು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಮೊಣಕಾಲೂರಿ, ಒಂದು ಅಂಗೈಯ ಬುಡವನ್ನು ಎದೆಯ ನಡುಮೂಳೆಯ ಕೆಳಗಿನ ಅರ್ಧಭಾಗದ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನು ಹೆಣೆದು, ಮೊಣಕೈಗಳನ್ನು ಮಡಿಸದೆ, ಮೈಯ ಭಾರವನ್ನು ಬಿಟ್ಟು ಒತ್ತಬೇಕು. ಎದೆಯು 5ರಿಂದ 6 ಸೆಂಟಿಮೀಟರಿನಷ್ಟು ತಗ್ಗಬೇಕು. ಪ್ರತಿ ಒತ್ತಿನ ಬಳಿಕ ಪೂರ್ಣವಾಗಿ ಮೇಲೇಳಲು ಬಿಡಬೇಕು. ನಿಮಿಷಕ್ಕೆ 100ರಿಂದ 120 ಬಾರಿ, ಎಂದರೆ ಸೆಕೆಂಡಿಗೆ ಹೆಚ್ಚುಕಡಮೆ ಎರಡು ಬಾರಿ. ಇದು ಬಹಳ ಆಯಾಸದ ಕೆಲಸವಾದುದರಿಂದ ಎರಡು ನಿಮಿಷಗಳಿಗೊಮ್ಮೆ ಕೈ ಬದಲಾಯಿಸುವವರು ಪಕ್ಕದಲ್ಲಿದ್ದರೆ ಒಳ್ಳೆಯದು. ಆಂಬುಲೆನ್ಸಿನವರು ಬಂದು ವಹಿಸಿಕೊಳ್ಳುವವರೆಗೆ, ಅಥವಾ ಬಿದ್ದವರು ಚಲಿಸಿ ಉಸಿರಾಡುವವರೆಗೆ ನಿಲ್ಲಿಸಬಾರದು.

ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಅನೇಕರು ಹಿಂಜರಿಯುತ್ತಾರೆ. ವಯಸ್ಕರು ಕಣ್ಣೆದುರಿಗೇ ಹಠಾತ್ತನೆ ಕುಸಿದಾಗ, ತರಬೇತಿಯಿಲ್ಲದವರು ಎದೆಯನ್ನೊತ್ತಿದರೆ ಸಾಕೆಂದು ಅಮೆರಿಕದ ಹೃದಯ ಸಂಘವು 2008ರಲ್ಲಿಯೇ ಹೇಳಿದೆ. ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಮಾತ್ರ ಉಸಿರು ಕೊಡುವುದೂ ಮುಖ್ಯ. ಅದನ್ನು ತರಬೇತಿಯಲ್ಲಿಯೇ ಕಲಿಯಬೇಕು. ವಿಮಾನ ನಿಲ್ದಾಣವೇ ಮೊದಲಾದ ಕಡೆಗಳಲ್ಲಿ ವಿದ್ಯುತ್ ಆಘಾತದಿಂದ ಹೃದಯದ ಲಯವನ್ನು ಸರಿಪಡಿಸುವ ಸ್ವಯಂಚಾಲಿತ ಯಂತ್ರಗಳಿರುತ್ತವೆ. ಇದ್ದರೆ ತರಿಸಬೇಕು; ಏನು ಮಾಡಬೇಕೆಂಬುದನ್ನು ಯಂತ್ರವೇ ಹೇಳುತ್ತದೆ.

ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಹೋದೀತು. ಕುಳ್ಳಿರಿಸಬಾರದು. ಈರುಳ್ಳಿ, ಚಪ್ಪಲಿ ಮೂಸಿಸುತ್ತ ಕಾಲ ಕಳೆಯಬಾರದು. ಹಾಗೆಯೇ, ಪ್ರಜ್ಞೆಯಿದ್ದು ಸರಿಯಾಗಿ ಉಸಿರಾಡುತ್ತ ಎದೆನೋವೆನ್ನುವವರ ಎದೆಯನ್ನು ಉತ್ಸಾಹದಿಂದ ಒತ್ತಲೂ ಬಾರದು. ಅವರಿಗೆ ಬೇಕಾದುದು ವಿಶ್ರಾಂತಿ ಮತ್ತು ತಡಮಾಡದೆ ಆಸ್ಪತ್ರೆ.

ಒತ್ತಿದಾಗ ಪಕ್ಕೆಲುಬು ಮುರಿದರೆ? ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ. ಹೋದ ಪ್ರಾಣ ಬರುವುದಿಲ್ಲ. ಹೃದಯ ನಿಜವಾಗಿ ನಿಂತಿತ್ತೋ ಇಲ್ಲವೋ ಎಂಬುದನ್ನು ರಸ್ತೆಯಲ್ಲಿ ಯಾವ ಯಂತ್ರವಿಟ್ಟು ತಿಳಿಯೋಣ? ಸಾಮಾನ್ಯರು ನಾಡಿ ಹುಡುಕುತ್ತ ಕಾಲಹರಣ ಮಾಡಬೇಕಾಗಿಲ್ಲ; ಪ್ರತಿಕ್ರಿಯೆಯೂ ಸಹಜ ಉಸಿರೂ ಇಲ್ಲದಿದ್ದರೆ ಒತ್ತುವುದೇ ಸರಿ ಎಂಬುದು ವೈದ್ಯರ ಉಪದೇಶ. ಒತ್ತುವುದರಿಂದ ಆಗಬಹುದಾದ ಹಾನಿಗಿಂತ ಒತ್ತದಿರುವುದರಿಂದ ಆಗುವ ಹಾನಿ ಬಹಳ ದೊಡ್ಡದು. ಇನ್ನು ಕಾನೂನಿನ ಭಯ. ರಸ್ತೆ ಅಪಘಾತಗಳಲ್ಲಿ ನೆರವಾದವರಿಗೆ ಕಿರುಕುಳವಾಗಬಾರದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ನಿಯಮಗಳಿಗೆ ಮುದ್ರೆಯೊತ್ತಿತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಸೇರಿದ 134ಎ ವಿಧಿಯು ಸದ್ಭಾವನೆಯಿಂದ ಸಹಾಯ ಮಾಡಿದವರನ್ನು ಹೊಣೆಗಾರಿಕೆಯಿಂದ ರಕ್ಷಿಸುತ್ತದೆ. ಇಂತಹ ಪರೋಪಕಾರಿಗಳ ರಕ್ಷಣೆಗಾಗಿ ನಮ್ಮ ಕರ್ನಾಟಕವು ತನ್ನದೇ ಆದ ಕಾಯಿದೆಯನ್ನೂ ಮಾಡಿದೆ. ಹಳೆಯ ಭಯವನ್ನು ಇನ್ನೂ ಹೊತ್ತು ತಿರುಗಬೇಕಾದ ಕಾರಣವಿಲ್ಲ.

ನಮ್ಮಿಂದಾಗಬಹುದಾದುದು

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು ಕೇವಲ 46ನೆಯ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡಾಗ, ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿಯೂ ಅಂದು ಒಲೆ ಹೊತ್ತಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಕರ್ನಾಟಕ ಸರಕಾರವು ಹೃದಯಾಘಾತದ ತುರ್ತು ಚಿಕಿತ್ಸೆಗಾಗಿ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ತಂದಿತು. ಇಲ್ಲಿ ತೆಲಂಗಾಣದಲ್ಲಿ, ಆರಾಂಘರಿನ ಘಟನೆ ನಡೆದ ಕೆಲವೇ ದಿನಗಳಲ್ಲಿ, 2023ರ ಮಾರ್ಚ್ ಆರಂಭದಲ್ಲಿ, ಪೊಲೀಸರು, ಪುರಸಭೆಯ ಸಿಬ್ಬಂದಿ ಮೊದಲಾದವರಿಗೆ ಸಿ.ಪಿ.ಆರ್. ಎಂದು ಕರೆಯುವ ಈ ವಿದ್ಯೆಯನ್ನು ಕಲಿಸುವ ಕಾರ್ಯಕ್ರಮಕ್ಕೆ ಸರಕಾರವು ಚಾಲನೆ ನೀಡಿತು. ಒಬ್ಬ ಪೇದೆಯ ಎರಡು ಕೈಗಳನ್ನು ಕಂಡು ಸರಕಾರವು ಸಾವಿರಾರು ಕೈಗಳನ್ನು ಸಿದ್ಧಪಡಿಸಬೇಕೆಂದು ಮನಗಂಡದ್ದು ಮೆಚ್ಚತಕ್ಕ ಸಂಗತಿ.

ಆದರೆ ಹೃದಯವು ಚೌರಸ್ತೆಯಲ್ಲಿ ಮಾತ್ರ ನಿಲ್ಲುವುದಿಲ್ಲ. ಹೆಚ್ಚಿನ ಹೃದಯಸ್ತಂಭನಗಳು ಸಂಭವಿಸುವುದು ಮನೆಗಳಲ್ಲಿ. ನಮ್ಮಲ್ಲಿ ಅನೇಕರ ಮನೆಯಲ್ಲಿ ಊರಿನಿಂದ ಬಂದಿರುವ ವೃದ್ಧ ತಂದೆತಾಯಿಯರಿದ್ದಾರೆ. ಐದನೆಯ ಅಂತಸ್ತಿನ ಫ್ಲಾಟಿನಲ್ಲಿ, ಮಗ ಕಚೇರಿಗೆ ಹೋಗಿರುವಾಗ, ಅವರ ಪಕ್ಕದಲ್ಲಿರುವವರು ಸೊಸೆಯೋ, ಮೊಮ್ಮಗನೋ, ಕಾವಲುಗಾರನೋ ಆಗಿರುತ್ತಾರೆ. ಪರಸ್ಥಳದಲ್ಲಿರುವ ನಮಗೆ ಕರೆದೊಡನೆ ಓಡಿಬರುವ ಬಂಧುಬಳಗವಿಲ್ಲ. ಪಕ್ಕದವರೇ ಬಂಧುಗಳು. ಆ ಪಕ್ಕದವರಿಗೆ ಈ ವಿದ್ಯೆ ಬರುವಂತೆ ನೋಡಿಕೊಳ್ಳುವುದು ನಮ್ಮ ಹಿತಕ್ಕೇ.

ನಮ್ಮ ಸಂಘವು ಪ್ರತಿವರ್ಷವೂ ರಾಜ್ಯೋತ್ಸವ, ಯುಗಾದಿ, ಮಕ್ಕಳ ಸ್ಪರ್ಧೆಗಳು, ರಕ್ತದಾನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಇವುಗಳ ಜೊತೆಗೆ ವರ್ಷಕ್ಕೊಂದು ಭಾನುವಾರ, ಎರಡು ಗಂಟೆಗಳ ಕಾಲ, ತರಬೇತಿ ಪಡೆದ ವೈದ್ಯರನ್ನು ಕರೆಸಿ ಬೊಂಬೆಯ ಮೇಲೆ ಎದೆಯೊತ್ತುವ ಅಭ್ಯಾಸವನ್ನು ಮಾಡಿಸಿದರೆ ಹೇಗೆ? ನಮ್ಮಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಭಾಷಣ ಕೇಳಿದರೆ ಸಾಲದು. ಕೈಯಿಂದ ಒತ್ತಿಯೇ ಕಲಿಯಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಮನುಷ್ಯ ಬಿದ್ದಾಗ ಪುಸ್ತಕ ತೆಗೆದು ಓದಲಾಗದು. ಮಹಿಳೆಯರೂ, ಹೈಸ್ಕೂಲಿನ ಮಕ್ಕಳೂ ಇದರಲ್ಲಿ ಅಗತ್ಯವಾಗಿ ಸೇರಬೇಕು.

ನಾನು ಕಳೆದ ವರ್ಷ ಅಂತಹ ಒಂದು ತರಗತಿಗೆ ಹೋಗಿದ್ದೆನು. ಎರಡು ನಿಮಿಷಗಳು ಮುಗಿಯುವಷ್ಟರಲ್ಲಿ ಬೆವರು ಹಣೆಯಿಂದ ಬೊಂಬೆಯ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು, ತೋಳುಗಳು ನಡುಗುತ್ತಿದ್ದವು. ರಸ್ತೆಯ ಗದ್ದಲದ ನಡುವೆ, ಜನರ ಕಣ್ಣೆದುರಿಗೆ, ಬೊಂಬೆಯನ್ನಲ್ಲದೆ ಮನುಷ್ಯನನ್ನು ಒತ್ತಿದ ಆ ಪೇದೆಯ ಕೆಲಸ ಎಂತಹುದೆಂಬುದು ನನಗೆ ಆಗ ಅರ್ಥವಾಯಿತು. ಈಗ ನಾನಿರುವ ಶಾಖೆಯಲ್ಲಿ ಅಗ್ನಿಶಾಮಕ ಉಪಕರಣದ ಪಕ್ಕದಲ್ಲಿಯೇ ಒಂದು ಹಾಳೆಯನ್ನು ಅಂಟಿಸಿದ್ದೇನೆ. ಎದೆಯೊತ್ತುವ ಕ್ರಮವನ್ನು ಬಲ್ಲ ಸಿಬ್ಬಂದಿಯ ಹೆಸರುಗಳು ಅದರಲ್ಲಿವೆ. ಸದ್ಯಕ್ಕೆ ಮೂರು ಹೆಸರುಗಳಿವೆ, ಮೊದಲನೆಯದು ನನ್ನದು.

ಬೀದರದ ಆ ಹಿರಿಯರು ನಾವು ಒತ್ತಿದ್ದರೆ ಉಳಿಯುತ್ತಿದ್ದರೆಂದು ಹೇಳಲಾರೆನು. ಎದೆಯೊತ್ತಿದ ಎಲ್ಲರೂ ಉಳಿಯುವುದಿಲ್ಲವೆಂಬುದು ಸತ್ಯ, ಹಲವರು ಉಳಿಯುವುದಿಲ್ಲ. ಆದರೆ ಅವರ ಮಗಳು ಕೇಳಿದ ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳಬಹುದಾಗಿತ್ತು. ಅಂತಹ ಪ್ರಶ್ನೆ ಇನ್ನೊಮ್ಮೆ ಬಂದರೆ ನನ್ನ ಬಳಿ ಬೇರೆ ಉತ್ತರವಿರಬೇಕೆಂಬುದೇ ನನ್ನ ಆಸೆ. ಈ ಸಂಚಿಕೆಯನ್ನು ಓದಿ ಮುಚ್ಚಿಡುವ ಪ್ರತಿಯೊಬ್ಬ ಬಂಧುವಿನ ಬಳಿಯೂ ಅಂತಹ ಉತ್ತರವಿರಲಿ.